ನಿಮ್ಮ ಮನೆ ಕೆರೆಗೆ ಯಾವ ಕಡೆ?

ಬರೆಯದೆ ಬಹಳ ದಿನಗಳಾದವು. ಈ ವಿಷಯವಂತೂ 2022ರಿಂದ ತಲೆಯಲ್ಲೇ ಕೂತಿತ್ತು. ಮೊನ್ನೆ ಸಂಜೆ ಅರ್ಧ ಗಂಟೆ ಮಳೆ ಜೋರಾಗಿ ಹೊಡೆಯಿತು ನೋಡಿ, ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ "ಕಾರು ಮೇಲೆ ತನ್ನಿ" ಅಂತ ಹಾಕಿದರು. ಐದೇ ನಿಮಿಷ, ಬೇಸ್‌ಮೆಂಟಿನಿಂದ ಕಾರುಗಳ ಮೆರವಣಿಗೆ! ಮಳೆ ಬಂದರೆ ಕೊಡೆ ಹುಡುಕುವ ಕಾಲ ಹೋಗಿ ಕಾರಿನ ಕೀಲಿ ಹುಡುಕುವ ಕಾಲ ಬಂತಲ್ಲ ಅನ್ನಿಸಿತು. ಸರಿ, ಇನ್ನು ಬರೆದೇ ಬಿಡೋಣ ಅಂತ ಕೂತಿದ್ದೇನೆ.

2022ರ ಸೆಪ್ಟೆಂಬರ್ 4, ಭಾನುವಾರ ರಾತ್ರಿ. ಬೆಳ್ಳಂದೂರಿನ ಆಚೆ ನಮ್ಮ ಮನೆ. ರಾತ್ರಿಯೆಲ್ಲಾ ಮಳೆ, ಕರೆಂಟಿಲ್ಲ. ಬೆಳಗ್ಗೆ ಬಾಲ್ಕನಿಯಿಂದ ನೋಡಿದರೆ ರಸ್ತೆ ಇರಬೇಕಾದ ಜಾಗದಲ್ಲಿ ಕೆಂಪು ನೀರು. ಹೊರವರ್ತುಲ ರಸ್ತೆ ಹೊಳೆಯಾಗಿತ್ತು. ಯಮಲೂರಿನ ಕಡೆ ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಸರ್ಜಾಪುರ ರಸ್ತೆಯ ದೊಡ್ಡ ದೊಡ್ಡ ಬಂಗಲೆಗಳ ಬಡಾವಣೆಯಿಂದ ಜನರನ್ನು ದೋಣಿಯಲ್ಲಿ ಕರೆತಂದರು. ಅದೇ ದಿನ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ನಮಗೆ ಕಾವೇರಿ ನೀರು ಪಂಪ್ ಮಾಡುವ ಘಟಕಕ್ಕೂ ನೀರು ನುಗ್ಗಿತು. ಮನೆ ಸುತ್ತ ನೀರೋ ನೀರು, ನಲ್ಲಿಯಲ್ಲಿ ಮಾತ್ರ ತೊಟ್ಟೂ ಇಲ್ಲ!

ಆವತ್ತು ಕೋಲಾರದ ಕಡೆಯ ಹಳ್ಳಿಯಿಂದ ಮಾವ ಫೋನ್ ಮಾಡಿದರು.

"ಏನಪ್ಪಾ, ಟೀವೀಲಿ ನಿಮ್ಮ ಕಡೇದೇ ತೋರಿಸ್ತಾವ್ರೆ. ಎಲ್ಲಾ ಹುಷಾರಾಗಿದ್ದೀರಾ?"

"ಹ್ಞೂಂ ಮಾವ, ನಾವಿರೋದು ಮೂರನೇ ಮಹಡಿ. ಕಾರು ಮುಳುಗಿದೆ ಅಷ್ಟೇ."

"ಕಾರು ಹಾಳಾಗ್ಲಿ ಬಿಡು. ನಿಮ್ಮನೆ ಕೆರೆಗೆ ಯಾವ ಕಡೆ ಬರ್ತದೆ? ಏರಿ ಹಿಂದೇನಾ, ಅಂಗಳದಾಗಾ, ಕೋಡಿ ಕಡೇನಾ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಆ ಮನೆಯಲ್ಲಿ ಆಗಲೇ ಒಂಬತ್ತು ವರ್ಷ ಕಳೆದಿದ್ದೆ. ಹತ್ತಿರದ ಮೆಟ್ರೋ ಎಲ್ಲಿ ಬರುತ್ತೆ, ಶಾಲೆ ಎಷ್ಟು ದೂರ, ಚದರಡಿಗೆ ಎಷ್ಟು ರೇಟು ಎಲ್ಲಾ ಗೊತ್ತಿತ್ತು. ಕೆರೆಗೆ ಯಾವ ಕಡೆ ಅನ್ನೋದು ಗೊತ್ತಿರಲಿಲ್ಲ. ಕೊಳ್ಳುವಾಗ ಕೇಳಲೂ ಇರಲಿಲ್ಲ.

ಆ ವಾರ ಪೇಪರು, ಟೀವಿ, ಲಿಫ್ಟು ಎಲ್ಲೆಲ್ಲೂ ಒಂದೇ ಮಾತು - "ಹಿಂದೆಂದೂ ಕಾಣದ ಮಳೆ". ನಾನೂ ನಂಬಿಕೊಂಡಿದ್ದೆ. ಆಮೇಲೆ ಕುತೂಹಲಕ್ಕೆ ಹವಾಮಾನ ಇಲಾಖೆಯ ಹಳೇ ದಾಖಲೆ ನೋಡಿದೆ. ಬೆಂಗಳೂರು ನಗರದಲ್ಲಿ 24 ಗಂಟೆಯಲ್ಲಿ ಬಿದ್ದ ಮಳೆ ಹೀಗಿದೆ:

1890 ಆಗಸ್ಟ್ 27 - 162.1 ಮಿ.ಮೀ.
1909 ಮೇ 6 - 153.9 ಮಿ.ಮೀ.
1988 ಸೆಪ್ಟೆಂಬರ್ 12 - 177.6 ಮಿ.ಮೀ.
1997 ಅಕ್ಟೋಬರ್ 1 - 178.9 ಮಿ.ಮೀ.
2022 ಸೆಪ್ಟೆಂಬರ್ 5 - 131.6 ಮಿ.ಮೀ.

ನಮ್ಮನ್ನು ದೋಣಿ ಹತ್ತಿಸಿದ ಮಳೆ, ನಮ್ಮ ಮುತ್ತಜ್ಜನ ಕಾಲದ ಮಳೆಗಿಂತ ಕಡಿಮೆ! ನಿಜ, ಇದು ನಗರದ ಮಧ್ಯದ ಒಂದು ಕೇಂದ್ರದ ಲೆಕ್ಕ, ಮಹದೇವಪುರದ ಕಡೆ ಬಿದ್ದದ್ದು ಬೇರೆ ಇರಬಹುದು. ಆಗಸ್ಟಿನಲ್ಲೂ ಮಳೆ ಚೆನ್ನಾಗಿ ಬಂದು ಕೆರೆಗಳು ಮೊದಲೇ ತುಂಬಿದ್ದವು. ಭೂಮಿ ಬಿಸಿಯಾದ ಹಾಗೆ ಸ್ವಲ್ಪ ಹೊತ್ತಿನಲ್ಲೇ ಧೋ ಎಂದು ಸುರಿಯುವ ಮಳೆ ಹೆಚ್ಚುತ್ತದೆ ಅನ್ನುವುದೂ ಸರಿಯೇ. ಆದರೂ ದೊಡ್ಡ ಮಳೆ ಬೆಂಗಳೂರಿಗೆ ಹೊಸ ನೆಂಟನೇನಲ್ಲ. ಹಾಗಾದರೆ ಬದಲಾಗಿದ್ದು ಏನು?

ಬೆಂಗಳೂರಿಗೆ ನದಿಯಿಲ್ಲ ಅಂತ ನಾವೆಲ್ಲಾ ಶಾಲೆಯಲ್ಲಿ ಓದಿದ್ದೇವೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತ ಊರು. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ ಕಣಿವೆ, ಕೋರಮಂಗಲ-ಚಲ್ಲಘಟ್ಟ ಕಣಿವೆಗಳಲ್ಲಿ ಇಳಿದು ದಕ್ಷಿಣ ಪಿನಾಕಿನಿಗೆ. ದಿಣ್ಣೆಯ ಮೇಲಿನ ಊರು ಮುಳುಗುವುದು ಎಂದರೆ ಮಾಳಿಗೆ ಮೇಲೆ ಪ್ರವಾಹ ಬಂದ ಹಾಗೆ. ಮೋರಿ ಕಟ್ಟಿದ್ದರೆ ಮಾತ್ರ ಸಾಧ್ಯ.

ಹರಿದುಹೋಗುವ ಈ ನೀರನ್ನು ಹಿಡಿಯಲು ಹಿಂದಿನವರು ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ಕೆರೆ ಕಟ್ಟಿದರು. ಒಂದಲ್ಲ, ಮೆಟ್ಟಿಲು ಮೆಟ್ಟಿಲಾಗಿ ಸಾಲು ಕೆರೆ. ಏರಿಯಲ್ಲಿ ತೂಬು, ಅದನ್ನು ತೆಗೆದರೆ ಕೆಳಗಿನ ಗದ್ದೆಗೆ ನೀರು. ಏರಿಯ ಒಂದು ಪಕ್ಕ ಕೋಡಿ, ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಅಲ್ಲಿಂದ ಇಳಿದು ಕಾಲುವೆಯಲ್ಲಿ ಮುಂದಿನ ಕೆರೆಗೆ. ಮಡಿವಾಳ ತುಂಬಿದರೆ ಅಗರ, ಅಗರ ತುಂಬಿದರೆ ಬೆಳ್ಳಂದೂರು, ಬೆಳ್ಳಂದೂರು ತುಂಬಿದರೆ ವರ್ತೂರು, ಅಲ್ಲಿಂದ ಪಿನಾಕಿನಿ. ಅಗರದಲ್ಲಿ ಸಿಕ್ಕ ಒಂಬತ್ತನೇ ಶತಮಾನದ, ಗಂಗರ ಕಾಲದ ಶಾಸನದಲ್ಲೇ ಕೆರೆಗೆ ತೂಬು ಇಡಿಸಿದ, ಹೊಸ ಕೆರೆ ಕಟ್ಟಿಸಿದ ಮಾತಿದೆ. ಅಂದರೆ ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟುವ ಆರು ನೂರು ವರ್ಷ ಮೊದಲೇ ಈ ಕಣಿವೆಯಲ್ಲಿ ಕೆರೆಗಳಿದ್ದವು. ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರ, ಬೈರಸಂದ್ರ, ತಿಪ್ಪಸಂದ್ರ... ಈ 'ಸಂದ್ರ' ಬೇರೇನಲ್ಲ, 'ಸಮುದ್ರ'. ದೊಡ್ಡ ಕೆರೆಗೆ ನಮ್ಮವರು ಕೊಟ್ಟ ಪ್ರೀತಿಯ ಹೆಸರು. ನಾವು ಸಮುದ್ರದಲ್ಲಿ ಸೈಟು ಕೊಂಡಿದ್ದೇವೆ :)

ಕೆರೆ ಕಟ್ಟಿದ್ದು ಬೇಸಾಯಕ್ಕೆ, ಪ್ರವಾಹ ತಡೆಯಲಿಕ್ಕಲ್ಲ. ಆದರೆ ಅದೇ ಕೆಲಸವೂ ತಾನಾಗಿ ನಡೆಯುತ್ತಿತ್ತು. ಬೇಸಿಗೆ ಮುಗಿಯುವಷ್ಟರಲ್ಲಿ ಗದ್ದೆಗೆ ನೀರು ಬಿಟ್ಟು ಬಿಟ್ಟು ಕೆರೆ ಬರಿದಾಗಿರುತ್ತಿತ್ತು. ಊರವರು ಇಳಿದು ಹೂಳು ತೆಗೆದು ಹೊಲಕ್ಕೆ ಗೊಬ್ಬರವಾಗಿ ಹೊಡೆಯುತ್ತಿದ್ದರು. ಮೊದಲ ದೊಡ್ಡ ಮಳೆ ಬಂದಾಗ ಪ್ರತಿ ಕೆರೆಯಲ್ಲೂ ಜಾಗವಿರುತ್ತಿತ್ತು. ಮೇಲಿನ ಕೆರೆ ತುಂಬಿ ಕೋಡಿ ಬೀಳುವಷ್ಟರಲ್ಲಿ ಕೆಳಗಿನ ಕಾಲುವೆ ಸುಧಾರಿಸಿಕೊಂಡಿರುತ್ತಿತ್ತು. ನೀರುಗಂಟಿ ಅಂತ ಒಬ್ಬ ಇರುತ್ತಿದ್ದ, ತೂಬು ಎತ್ತುವುದು ಇಳಿಸುವುದು ಅವನ ಕೆಲಸ. ಏರಿಯಲ್ಲಿ ಇಲಿ ಬಿಲ ತೋಡಿದರೂ ಅವನಿಗೆ ಗೊತ್ತಾಗಬೇಕು.

ಇಷ್ಟು ಚೆನ್ನಾಗಿದ್ದ ವ್ಯವಸ್ಥೆಯನ್ನು ಯಾರೋ ಖದೀಮರು ಒಂದೇ ರಾತ್ರಿ ಹಾಳುಮಾಡಿದರು ಅಂತ ಬೈದುಬಿಡುವುದು ಸುಲಭ. ಹಾಗಾಗಲಿಲ್ಲ. ನಲ್ಲಿ ನೀರು ಬಂತು, ಕೆರೆ ಮರೆತುಹೋಯಿತು. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ದೂರದ ಕಾವೇರಿಯಿಂದ. ಒಂದೊಂದು ಪೈಪು ಬಂದಾಗಲೂ ಊರೊಳಗಿನ ಕೆರೆ ಇನ್ನಷ್ಟು ಬೇಡವಾಯಿತು. ಬೇಡದ ಕೆರೆ ಸೊಳ್ಳೆಯ ಮನೆ, ಮಲೇರಿಯಾದ ಮೂಲ. ಒಣಗಿಸಿದರೆ ಸರ್ಕಾರಕ್ಕೆ ಬಿಟ್ಟಿ ಜಾಗ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಕರಗದ ಪೂಜೆಗೆ ಅಂತ ಪಕ್ಕದಲ್ಲಿ ಒಂದು ಚಿಕ್ಕ ಕಲ್ಯಾಣಿ ಉಳಿದಿದೆ ಅಷ್ಟೇ. ಶೂಲೆ ಕೆರೆ ಫುಟ್‌ಬಾಲ್ ಕ್ರೀಡಾಂಗಣ, ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಕ್ರೀಡಾಂಗಣ, ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನ. ಕೋರಮಂಗಲದ ಕೆರೆಯ ಜಾಗದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕ್ರೀಡಾಗ್ರಾಮ. ಬೆಂಗಳೂರಿನವರು ಎಷ್ಟು ಕ್ರೀಡಾಪ್ರಿಯರು ನೋಡಿ!

ಕೋರಮಂಗಲದಲ್ಲೇ ಎಸ್.ಟಿ. ಬೆಡ್ ಅಂತ ಬಡಾವಣೆಯಿದೆ. ಜೋರು ಮಳೆ ಬಂದರೆ ಸುದ್ದಿಯಲ್ಲಿ ಅದರ ಹೆಸರು ಬರುತ್ತದೆ. ಎಸ್.ಟಿ. ಅಂದರೆ ಏನೋ ಅಂದುಕೊಂಡಿದ್ದೆ. ಶ್ರೀನಿವಾಗಿಲು ಟ್ಯಾಂಕ್. ಶ್ರೀನಿವಾಗಿಲು ಕೆರೆಯ ಅಂಗಳ! ಹೆಸರಲ್ಲೇ ಬರೆದಿಟ್ಟು ಸೈಟು ಹಂಚಿದ್ದಾರೆ. ಕೆರೆಯಂಗಳದಲ್ಲಿ ನೀರು ನಿಂತರೆ ಅದನ್ನು ಪ್ರವಾಹ ಎನ್ನಬೇಕೋ ಕೆರೆ ಎನ್ನಬೇಕೋ?

ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಉಪಗ್ರಹ ಚಿತ್ರಗಳನ್ನು ಹೋಲಿಸಿ ಲೆಕ್ಕ ಹಾಕಿದೆ. 1973ರಿಂದ ಸುಮಾರು ನಾಲ್ಕು ದಶಕಗಳಲ್ಲಿ ಬೆಂಗಳೂರಿನ ಕಟ್ಟಡಗಳ ಹರವು ಶೇ. 584ರಷ್ಟು ಹೆಚ್ಚಿತು, ಹಸಿರು ಶೇ. 66ರಷ್ಟು, ಜಲಮೂಲಗಳು ಶೇ. 74ರಷ್ಟು ಕಡಿಮೆಯಾದವು. ಕಾಲುವೆಗಳ ಕತೆಯೂ ಅದೇ. ಮಹಾಲೇಖಪಾಲರ 2021ರ ವರದಿಯ ಪ್ರಕಾರ, 1900ರ ಆಸುಪಾಸಿನಲ್ಲಿ ಕೋರಮಂಗಲ ಕಣಿವೆಯಲ್ಲಿ 113 ಕಿ.ಮೀ. ಇದ್ದ ಕಾಲುವೆ 2016-17ಕ್ಕೆ 63 ಕಿ.ಮೀ.ಗೆ ಇಳಿದಿತ್ತು. ವೃಷಭಾವತಿ ಕಣಿವೆಯಲ್ಲಿ 226 ಇದ್ದದ್ದು 111. ಕೆರೆ ಹೋದರೂ ಕಾಲುವೆ ಉಳಿದಿದ್ದರೆ ನೀರಿಗೆ ದಾರಿಯಾದರೂ ಇರುತ್ತಿತ್ತು.

ಇನ್ನು ಉಳಿದ ಕೆರೆಗಳಾದರೂ ಕೆಲಸ ಮಾಡುತ್ತಿವೆಯೇ? ಇದು ನನಗೆ ಹೊಳೆದದ್ದು ತಡವಾಗಿ. ಮಾವನ ಊರಿನ ಕೆರೆ ಬೇಸಿಗೆಯಲ್ಲಿ ಬರಿದಾಗುತ್ತಿತ್ತು. ಬೆಳ್ಳಂದೂರು ಕೆರೆ ಬರಿದಾದದ್ದನ್ನು ನಾನು ನೋಡಿದ್ದೇ ಅಪರೂಪ, ಅದೂ ಹೂಳು ತೆಗೆಯಲು ಖಾಲಿ ಮಾಡಿದಾಗ. ವರ್ಷವಿಡೀ ಊರಿನ ಕೊಳಚೆ ನೀರು ಬಂದು ಬೀಳುತ್ತಿತ್ತಲ್ಲ. 2015ರಲ್ಲಿ ನೊರೆ ರಸ್ತೆಗೆ ಹಾರಿದ್ದು, 2017, 2018ರಲ್ಲಿ ಕೆರೆಗೇ ಬೆಂಕಿ ಹತ್ತಿದ್ದು ಲೋಕಕ್ಕೆಲ್ಲಾ ಗೊತ್ತು. ಗಬ್ಬು ವಾಸನೆಯ ಬಗ್ಗೆ ಎಲ್ಲರೂ ಮಾತಾಡಿದೆವು. ಕೊಳಚೆಯಿಂದ ಮೊದಲೇ ತುಂಬಿದ ಕೆರೆಯಲ್ಲಿ ಮಳೆ ನೀರಿಗೆ ಜಾಗವೆಲ್ಲಿ ಅಂತ ಯಾರೂ ಕೇಳಲಿಲ್ಲ. ಹೊಟ್ಟೆ ಬಿರಿಯ ಉಂಡವನ ಎಲೆಗೆ ಮತ್ತೆ ಹೋಳಿಗೆ ಬಡಿಸಿದ ಹಾಗೆ. ಹಾಗಾಗಿ ಒಳಚರಂಡಿ ಸರಿಮಾಡುವುದೂ ಪ್ರವಾಹ ತಡೆಯುವ ಕೆಲಸವೇ.

ಮಾವನ ಪ್ರಶ್ನೆಗೆ ಉತ್ತರ ಹುಡುಕಲು ನಮ್ಮ ಗ್ರಾಮದ ಹಳೆಯ ನಕ್ಷೆ ತೆಗೆಸಿದೆ. ಸರ್ವೆ ನಂಬರುಗಳ ನಡುವೆ ಒಂದು ಜೋಡಿ ಗೆರೆ ಅಂಕುಡೊಂಕಾಗಿ ಹೋಗುತ್ತದೆ. ಕಾಲುವೆ. ಬೆರಳಿಟ್ಟು ಹಿಂಬಾಲಿಸಿದೆ. ನಮ್ಮ ಸರ್ವೆ ನಂಬರಿನ ಹಿಂಬದಿಯ ಅಂಚು ಸವರಿಕೊಂಡು, ಈಗ ನಮ್ಮ ಮಕ್ಕಳು ಜಾರುಬಂಡೆ ಆಡುವ ಜಾಗದ ಮೇಲೆ ಹಾದು, ಕೆಳಗಿನ ಕೆರೆಗೆ ಇಳಿಯುತ್ತದೆ. ನಾವಿರುವುದು ಕೋಡಿಯ ಕಡೆ, ಮಾವ. ಕೋಡಿ ನೀರು ಹೋಗುವ ದಾರಿಯಲ್ಲೇ.

ಈಗ ಬರೆಯಲು ಸ್ವಲ್ಪ ಕಷ್ಟವಾಗುವ ಭಾಗ.

ಪ್ರವಾಹದ ತಿಂಗಳೊಳಗೆ ನಮ್ಮ ಸಂಘದ ಸಭೆ ಸೇರಿತು. ಕಾಂಪೌಂಡ್ ಗೋಡೆಯನ್ನು ಮೂರು ಅಡಿ ಎತ್ತರಿಸಬೇಕು, ಹಿಂಬದಿಯ ಗೋಡೆಯ ತಳದಲ್ಲಿದ್ದ ಕಿಂಡಿ ಮುಚ್ಚಬೇಕು. ಎಲ್ಲರೂ ಒಪ್ಪಿದರು. ನನ್ನ ಕೈಯಲ್ಲಿ ಆಗಲೇ ನಕ್ಷೆ ಇತ್ತು. ಆದರೂ ನಾನೂ ಸಹಿ ಹಾಕಿದೆ. ಕಾರಿನ ರಿಪೇರಿಗೆ ಕೊಟ್ಟ ದುಡ್ಡು ಕಣ್ಣ ಮುಂದಿತ್ತು.

ಗೋಡೆ ಚೆನ್ನಾಗಿಯೇ ಕೆಲಸ ಮಾಡಿತು. 2025ರ ಮೇ 18ರ ರಾತ್ರಿ ಮತ್ತೆ ನೂರು ಮಿ.ಮೀ. ಮೀರಿ ಮಳೆಯಾಯಿತಲ್ಲ, ಹೊರಮಾವಿನ ಸಾಯಿ ಲೇಔಟ್ ಮುಳುಗಿ ಸುದ್ದಿಯಾಯಿತು, ಆವತ್ತು ನಮ್ಮ ಬೇಸ್‌ಮೆಂಟಿಗೆ ಹನಿ ನೀರೂ ಬರಲಿಲ್ಲ. ಎರಡು ದಿನ ನಮ್ಮ ಮನೆಗೆಲಸದಾಕೆಯೂ ಬರಲಿಲ್ಲ. ರಾಯಚೂರು ಕಡೆಯವರು, ಗೋಡೆಯ ಹಿಂದಿನ ತಗಡಿನ ಶೆಡ್ಡುಗಳಲ್ಲಿ ಮನೆ. ಮೂರನೇ ದಿನ ಬಂದು ಮಗಳ ಶಾಲೆ ಪುಸ್ತಕಗಳನ್ನು ನಮ್ಮ ಬಾಲ್ಕನಿಯಲ್ಲಿ ಒಣಗಿಸಲು ಜಾಗ ಕೇಳಿದರು.

"ಎಷ್ಟು ನೀರು ಬಂದಿತ್ತು?"

"ನಡುಮಟ ರೀ. ಮೊದಲ ಇಷ್ಟು ಬರ್ತಿರಲಿಲ್ರಿ ಅಣ್ಣಾರ. ನಿಮ್ಮ ಗ್ವಾಡಿ ಎತ್ತರ ಮಾಡಿದ ಮ್ಯಾಲೆ ಬರಾಕತ್ತೈತಿ."

ಸಿಟ್ಟಿನಿಂದ ಹೇಳಲಿಲ್ಲ. ಮಳೆ ಬಂತು ಅನ್ನುವಷ್ಟೇ ಸಹಜವಾಗಿ ಹೇಳಿದರು. ನಾನು ಕ್ಲಿಪ್ ಹುಡುಕುವ ನೆಪದಲ್ಲಿ ಒಳಗೆ ಹೋದೆ.

ನಾವು ಪ್ರವಾಹ ತಡೆದಿರಲಿಲ್ಲ, ಪಕ್ಕದ ಮನೆಗೆ ಕಳಿಸಿದ್ದೆವು ಅಷ್ಟೇ. ಆಮೇಲೆ ಯೋಚಿಸಿದರೆ ಇಡೀ ಊರು ಮಾಡುತ್ತಿರುವುದೂ ಇದನ್ನೇ. ಮಣ್ಣಿನ ದಡ, ಹುಲ್ಲು, ಹೊಂಗೆ ಮರ ಇದ್ದ ರಾಜಕಾಲುವೆಯನ್ನು ಕಾಂಕ್ರೀಟಿನ ಪೆಟ್ಟಿಗೆ ಮಾಡಿದರೆ ಮೇಲಿನ ಬಡಾವಣೆಯ ನೀರು ಬೇಗ ಖಾಲಿಯಾಗುತ್ತದೆ, ಕೆಳಗಿನವರ ತಲೆ ಮೇಲೆ ಬೇಗ ಬೀಳುತ್ತದೆ. ಹಳೆಯ ಕೆರೆ ಸಾಲು ಮಾಡುತ್ತಿದ್ದುದು ಇದಕ್ಕೆ ಉಲ್ಟಾ. ಪ್ರತಿಯೊಬ್ಬರೂ ತಮ್ಮ ಪಾಲಿನ ನೀರು ಹಿಡಿದಿಟ್ಟುಕೊಂಡು, ಹೆಚ್ಚಾದದ್ದನ್ನು ನಿಧಾನವಾಗಿ ಮುಂದೆ ಕಳಿಸುವುದು.

ಅದನ್ನು ಈಗಲೂ ಮಾಡಬಹುದೇ? ಕೆಲವು ಕಡೆ ಮಾಡಿದ್ದಾರೆ. ಜಕ್ಕೂರು ಕೆರೆಗೆ ಹೋಗಿ ನೋಡಿ. ಕೊಳಚೆ ಮೊದಲು ಶುದ್ಧೀಕರಣ ಘಟಕಕ್ಕೆ, ಅಲ್ಲಿಂದ ಜೊಂಡು ಹುಲ್ಲು ಬೆಳೆದ ಜೌಗಿಗೆ, ಆಮೇಲೆ ಕೆರೆಗೆ. ಜೊಂಡಿನ ಬೇರು ನೀರನ್ನು ಇನ್ನಷ್ಟು ತಿಳಿಯಾಗಿಸುತ್ತದೆ, ಮೀನುಗಾರರಿಗೆ ಮೀನು, ಹಕ್ಕಿಗಳಿಗೆ ಗೂಡು. ಜೌಗು ಸ್ಪಂಜಿನ ಹಾಗೆ, ಮಳೆ ನೀರು ಹೀರಿಕೊಂಡು ನಿಧಾನವಾಗಿ ಬಿಡುತ್ತದೆ. ನಮ್ಮಲ್ಲಿ ಕೆರೆ ಅಭಿವೃದ್ಧಿ ಅಂದರೆ ಈ ಜೌಗನ್ನೆಲ್ಲಾ ಅಗೆದು, ಸುತ್ತ ದಿಬ್ಬ ಹಾಕಿ, ವಾಕಿಂಗ್ ಹಾದಿ ಮಾಡಿ ಬೋಗುಣಿ ಥರ ಮಾಡಿಬಿಡುವುದು. ದಿಬ್ಬ ದಾಟಿ ನೀರು ಒಳಗೆ ಬರುವುದು ಹೇಗೆ? ಕೈಕೊಂಡರಹಳ್ಳಿ, ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಗಳನ್ನು ಅಕ್ಕಪಕ್ಕದ ಜನರೇ ಬೆನ್ನುಹತ್ತಿ ಉಳಿಸಿಕೊಂಡರು. ಆದರೆ ಒಂದೊಂದು ಕೆರೆ ಬಿಡಿಬಿಡಿಯಾಗಿ ಚಂದವಾದರೆ ಸಾಲದು, ನಡುವಿನ ಕಾಲುವೆ ಜೋಡಿಸಬೇಕು.

ಎರಡನೆಯದು ನೀರಿನ ಅಂಚಿನ ಜಾಗ. 2016ರಲ್ಲಿ ಹಸಿರು ನ್ಯಾಯಾಧಿಕರಣ ಕೆರೆಯಿಂದ 75 ಮೀಟರ್ ಕಟ್ಟಬಾರದು ಎಂದಿತ್ತು. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿದ ಮೇಲೆ ನಗರ ಯೋಜನೆಯ ಹಳೆಯ 30 ಮೀಟರಿಗೇ ಹಿಂತಿರುಗಿದೆವು. ಕಾನೂನು ಏನಾದರೂ ಹೇಳಲಿ, ತಗ್ಗಿನ ಜಾಗದಲ್ಲಿ ಗುಂಡುತೋಪು, ಆಟದ ಬಯಲು, ತೋಟ ಇದ್ದರೆ ವರ್ಷದಲ್ಲಿ ನಾಲ್ಕು ದಿನ ನೀರು ನಿಂತರೂ ಯಾರ ಪುಸ್ತಕವೂ ನೆನೆಯುವುದಿಲ್ಲ.

ಮೂರನೆಯದು ನಮ್ಮ ಮನೆಯಲ್ಲೇ ಆಗುವಂಥದು. ಒಂದು ಎಕರೆ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಸುಮಾರು ನಾಲ್ಕು ಲಕ್ಷ ಲೀಟರ್ ನೀರು. 30x40 ಸೈಟಿನ ಲೆಕ್ಕದಲ್ಲಿ ಹನ್ನೊಂದು ಸಾವಿರ ಲೀಟರ್. ಮೂರಡಿ ಅಗಲ, ಇಪ್ಪತ್ತಡಿ ಆಳದ ಇಂಗುಬಾವಿಯಲ್ಲಿ ಒಂದೇ ಸಲಕ್ಕೆ ನಾಲ್ಕು ಸಾವಿರ ಲೀಟರ್ ಹಿಡಿಯುತ್ತದೆ, ಮಣ್ಣು ಒಳ್ಳೆಯದಿದ್ದರೆ ತುಂಬುತ್ತಿರುವಾಗಲೇ ಇಂಗುತ್ತಲೂ ಇರುತ್ತದೆ. ಮಳೆನೀರು ಕೊಯ್ಲು ಕಡ್ಡಾಯವಾಗಿದ್ದು 2009ರಲ್ಲಿ. ನಮ್ಮ ಕಟ್ಟಡದಲ್ಲೂ ಇತ್ತು, ಕಾಗದದ ಮೇಲೆ! ಬಾವಿ ತೋಡುವುದೇ ಕಸುಬಾದ ಮಣ್ಣು ಒಡ್ಡರು ಬೆಂಗಳೂರಿನ ಸುತ್ತ ಇನ್ನೂ ಇದ್ದಾರೆ. ಕಬ್ಬನ್ ಪಾರ್ಕಿನ ಹಳೆಯ ಬಾವಿಗಳಿಗೆ ಜೀವ ಕೊಟ್ಟದ್ದು, ಹೊಸ ಇಂಗುಬಾವಿ ತೋಡಿದ್ದು ಅವರೇ.

ನಾನೂ ಇನ್ನಿಬ್ಬರೂ ಸೇರಿ ಸಭೆಯಲ್ಲಿ ಜಗಳ ಆಡಿ, ಕಳೆದ ವರ್ಷ ಆರು ಇಂಗುಬಾವಿ ತೋಡಿಸಿದೆವು. ಬಂದ ಒಡ್ಡರ ಹಿರಿಯರು ಅಂಗಳದಲ್ಲಿ ಸುಮ್ಮನೆ ಒಂದು ಸುತ್ತು ಹಾಕಿ, ಜಾರುಬಂಡೆಯ ಹತ್ತಿರ ನಿಂತು, "ಇಲ್ಲಿ ಬೇಡ ಸಾಮಿ, ಇದು ನೀರಿನ ಹಾದಿ" ಅಂದರು. ನಕ್ಷೆ ನೋಡಿರಲಿಲ್ಲ ಅವರು.

ಆರು ಬಾವಿಯಿಂದ 2022ರ ಮಳೆ ನಿಲ್ಲುತ್ತದೆ ಅನ್ನುವ ಭ್ರಮೆ ನನಗಿಲ್ಲ. ಸಣ್ಣ ಮಳೆಗಳ ನೀರು ಹೊರಗೆ ಹೋಗುವುದು ಕಡಿಮೆಯಾಗಿದೆ, ಅಷ್ಟು ನಿಜ. ಉಳಿದದ್ದು ಗೋಡೆಯ ಕಿಂಡಿ. ಅದನ್ನು ಮತ್ತೆ ತೆಗೆದು, ಜಾರುಬಂಡೆ ಅತ್ತ ಸರಿಸಿ, ಹಳೆಯ ಕಾಲುವೆಯಷ್ಟು ಅಗಲ ಹುಲ್ಲಿನ ತಗ್ಗು ಬಿಡೋಣ ಅಂತ ಎರಡು ಸಲ ಸಭೆಯಲ್ಲಿ ಇಟ್ಟೆ. ಎರಡು ಸಲವೂ ಬಿದ್ದುಹೋಯಿತು. "ಆಮೇಲೆ ನಮ್ಮ ಬೇಸ್‌ಮೆಂಟಿಗೆ ನೀರು ಬಂದರೆ ನೀವು ಜವಾಬ್ದಾರರಾ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಗೋಡೆಯ ಆಚೆಯವರು ಸಭೆಯಲ್ಲಿ ಇಲ್ಲದ್ದರಿಂದ ಅದೇ ಪ್ರಶ್ನೆಯನ್ನು ನಮಗೆ ಕೇಳುವವರು ಯಾರೂ ಇರಲಿಲ್ಲ. ಮುಂದಿನ ಸಭೆಯಲ್ಲಿ ಮೂರನೇ ಸಲ ಇಡುತ್ತೇನೆ.

ಮಾವನ ಊರಿನ ಕೆರೆಗೆ ಈಗ ನಮ್ಮ ನೀರೇ ಹೋಗುತ್ತಿದೆ ಗೊತ್ತಾ? ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ 2018ರಲ್ಲಿ ಶುರುವಾಯಿತು. ಆ ನೀರಿನ ಗುಣಮಟ್ಟದ ಬಗ್ಗೆ ಅವರ ಊರಿನಲ್ಲಿ ದಿನಾ ವಾದ. ಆದರೆ 2021ರಲ್ಲಿ ಮಳೆಯೂ ಸೇರಿ ಕೆರೆ ಕೋಡಿ ಬಿದ್ದಾಗ ಊರೇ ಹೋಗಿ ಬಾಗಿನ ಕೊಟ್ಟು ಬಂತಂತೆ. ಅಲ್ಲಿ ಕೋಡಿ ಬಿದ್ದರೆ ಹಬ್ಬ, ಇಲ್ಲಿ ಕೋಡಿ ಬಿದ್ದರೆ ದೋಣಿ. ನೀರು ಅದೇ, ಅಲ್ಲಿ ಅದರ ದಾರಿ ಇನ್ನೂ ಇದೆ.

ಮೈಸೂರು, ತುಮಕೂರು, ಧಾರವಾಡ, ದಾವಣಗೆರೆ... ಎಲ್ಲೆಲ್ಲೋ ಕೂತು ಓದುತ್ತಿದ್ದೀರಿ. ನಿಮ್ಮ ಊರೂ ಬೆಳೆಯುತ್ತಿದೆ, ಕಾಲ ಇನ್ನೂ ಮಿಂಚಿಲ್ಲದಿರಬಹುದು. ಒಂದು ಭಾನುವಾರ ನಿಮ್ಮ ಗ್ರಾಮದ ಹಳೆಯ ನಕ್ಷೆ ತೆಗೆದು ನೋಡಿ. ನಿಮ್ಮ ಮನೆ ಕೆರೆಗೆ ಯಾವ ಕಡೆ? ಗೊತ್ತಾದರೆ ನೀವೂ ಬರೆಯಿರಿ. ಓದಲು ನಾನು ಕಾಯುತ್ತಿರುತ್ತೇನೆ.